ಮಣ್ಣಿನ ಕೆಲಸಕ್ಕೆ ನಾಲ್ಕು ಸ್ಟಾರ್, ಫೋನ್ ಎತ್ತೋದಕ್ಕೆ ಒಂದು

ಮಂಗಳೂರಿನ ಬಿಜೈಯಲ್ಲಿ ಹಳೇ ಹಂಚಿನ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ, ಅಡಿಯಲ್ಲಿ ಕಾರಿಗೆ ಬೇಸ್‌ಮೆಂಟ್. ಮೇಲೆ ಮುರಕಲ್ಲು, ಕೆಳಗೆ ಶೇಡಿ ಮಣ್ಣು, ಅಂದರೆ ಬಿಳಿಚು ಜೇಡಿ. ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾ? ಒಣಗಿದ್ದರೆ ಪಿಕಾಸಿಗೂ ಬಗ್ಗುವುದಿಲ್ಲ, ನೀರು ತಾಗಿದರೆ ಗಂಜಿ. ಪಕ್ಕದವರ ಕಾಂಪೌಂಡ್ ಗೋಡೆ ಗುಂಡಿಯಿಂದ ನಾಲ್ಕೇ ಅಡಿ. ಹಾಗಾಗಿ ಮಣ್ಣು ಪರೀಕ್ಷೆ, ಗುಂಡಿಯ ಬದಿ ಕಟ್ಟುವುದು ಎರಡನ್ನೂ ಒಂದೇ ತಂಡಕ್ಕೆ ಕೊಟ್ಟೆವು. ಹೆಸರು ಹಾಕುವುದಿಲ್ಲ.

ದುಬೈಯಿಂದ ರಜೆಗೆ ಬಂದಿದ್ದ ಅಕ್ಕನ ಮಗ "ಮಣ್ಣನ್ನೇ ಐಸ್ ಮಾಡಿ ಅಗೆಯಬಹುದಲ್ವಾ" ಎಂದ. ನಾನು ನಕ್ಕೆ, ತಂಡದ ಇಂಜಿನಿಯರ್ ನಗಲಿಲ್ಲ. ಅಲ್ಲೇ ಕೂತು ಕಡ್ಡಿಯಲ್ಲಿ ಗೀರಿ ತೋರಿಸಿದರು: ಸುಮಾರು ಮೀಟರಿಗೊಂದು ಪೈಪ್ ಇಳಿಸಿ, ಮೈನಸ್ 25-30 ಡಿಗ್ರಿಯ ಉಪ್ಪುನೀರು ಸುತ್ತಿಸುತ್ತಾ ಇದ್ದರೆ ಪ್ರತಿ ಪೈಪಿನ ಸುತ್ತ ಮಣ್ಣು ಹೆಪ್ಪುಗಟ್ಟಿ, ಕೆಲವು ವಾರಗಳಲ್ಲಿ ಒಂದಕ್ಕೊಂದು ಅಂಟಿ ಗೋಡೆಯಾಗುತ್ತದೆ. ಗಣಿಗಳಿಗಾಗಿ ಜರ್ಮನಿಯಲ್ಲಿ 1883ರಲ್ಲೇ ಇದಕ್ಕೆ ಪೇಟೆಂಟ್ ಆಗಿದೆ, ಫುಕುಶಿಮಾ ಸ್ಥಾವರದ ಸುತ್ತ ಒಂದೂವರೆ ಕಿ.ಮೀ. ಇಂಥದ್ದೇ ಗೋಡೆ ಇದೆ. ಆದರೆ ಅಡಿಯ ನೀರು ದಿನಕ್ಕೆ 2 ಮೀಟರಿಗಿಂತ ಜೋರಾಗಿ ಹರಿದರೆ ತಂಪನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ನೀರು ಹೆಪ್ಪುಗಟ್ಟಿದರೆ 9 ಶೇಕಡಾ ಉಬ್ಬುತ್ತದೆ, ಪಕ್ಕದ ಗೋಡೆ ಮೊದಲು ಏಳುತ್ತದೆ, ಐಸ್ ಕರಗಿದಾಗ ಕೂರುತ್ತದೆ. ಕಂಪ್ರೆಸರ್ ಹಗಲು ರಾತ್ರಿ ಓಡಬೇಕು, ಜೋರು ಮಳೆಯ ಆಟಿ ತಿಂಗಳ ಕರೆಂಟ್ ಕಥೆ ಗೊತ್ತಲ್ಲ. ನಮ್ಮ ಎಂಟು ಸೆಂಟ್ಸ್ ಜಾಗಕ್ಕೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಸುಮ್ನೆ ಹೂಂ ಅಂದು ಬಿಲ್ ಉಬ್ಬಿಸದೆ ಇಷ್ಟು ಬಿಡಿಸಿ ಹೇಳಿದ್ದು ನನಗೆ ಹಿಡಿಸಿತು.

ಅವರು ಮಾಡಿದ್ದು ಸಾದಾ ಕೆಲಸ. ಐದೈದು ಅಡಿ ಅಗೆದು, ಬದಿಗೆ ಸರಳು ಹೊಡೆದು ಸಿಮೆಂಟ್ ತುಂಬಿ, ಜಾಲರಿ ಕಟ್ಟಿ ಕಾಂಕ್ರೀಟ್ ಸಿಡಿಸಿ, ಆಮೇಲೆ ಮುಂದಿನ ಐದು ಅಡಿ. ಸರಳು ಪಕ್ಕದವರ ನೆಲದಡಿ ಹೋಗುತ್ತದೆ, ಒಪ್ಪಿಗೆ ಬರೆಸಿಕೊಳ್ಳಿ ಎಂದು ಅವರೇ ಮೊದಲು ಹೇಳಿದರು. ಪಕ್ಕದವರ ಕಾಂಪೌಂಡ್ ಗೋಡೆಯ ಹಳೇ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿಯನ್ನೂ ಅಂಟಿಸಿದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಇನ್ನು ದೂರು. ಹತ್ತು ದಿನದಲ್ಲಿ ಬರಬೇಕಿದ್ದ ಮಣ್ಣು ಪರೀಕ್ಷೆಯ ರಿಪೋರ್ಟ್ ಮೂರು ವಾರಕ್ಕೆ ಬಂತು. ಜೂನಿನ ಮೊದಲ ದೊಡ್ಡ ಮಳೆಯ ರಾತ್ರಿ ಗುಂಡಿಯ ಬದಿಯಿಂದ ನೀರು ಬಸಿಯುವ ಎರಡು ಪೈಪ್ ಕಟ್ಟಿಕೊಂಡಿದ್ದವು, ಒಳಗೆಲ್ಲ ಸಿಮೆಂಟ್. ಹದಿನಾಲ್ಕು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಕೊನೆಗೆ ನಾನೇ ಟಾರ್ಚ್ ಕಚ್ಚಿಕೊಂಡು ಸರಳಿನಿಂದ ತಿವಿದೆ, ಹಾಲಿನಂಥ ಶೇಡಿ ನೀರು ಮುಖಕ್ಕೇ ಬಂತು. ಬೆಳಿಗ್ಗೆ ಬಂದು ಸರಿ ಮಾಡಿದರು, ಕಾಸು ಕೇಳಲಿಲ್ಲ. ನೀವು ಇವರಿಗೆ ಕೆಲಸ ಕೊಡುವುದಾದರೆ ಮಳೆಗಾಲದಲ್ಲಿ ಪೈಪ್ ನೋಡಿಕೊಳ್ಳುವುದನ್ನು ಒಪ್ಪಂದದಲ್ಲೇ ಬರೆಸಿ.

ಪಕ್ಕದ ಮನೆಯ ಅಜ್ಜ ದಿನಾ ಚಾ ಲೋಟ ಹಿಡಿದು ಬಂದು ಆ ಗಾಜು ನೋಡುತ್ತಾರೆ. ಇವತ್ತಿನವರೆಗೆ ಒಡೆದಿಲ್ಲ.