ಮೂರು ಮಳೆಗಾಲ ಕಂಡ ಸರ್ವರ್ ಬೋರ್ಡು: ಆನ್ ಆಗಲು ಅಷ್ಟು ಹೊತ್ತು ಯಾಕೆ ಬೇಕು?

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರದ ತೋಟ. ಮನೆಗೆ ತಾಗಿಕೊಂಡ ಸಣ್ಣ ಕೋಣೆಯಲ್ಲಿ ನನ್ನ ಕೆಲಸ: ಡ್ರೋನ್ ಹಾರಿಸಿ ತೆಗೆದ ಚಿತ್ರಗಳನ್ನು ಜೋಡಿಸಿ ಕಾಫಿ ತೋಟಗಳ ನಕ್ಷೆ ಮಾಡಿಕೊಡುವುದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ, ತಮ್ಮ ಬಾಣೆ (ಗದ್ದೆಗೆ ಹೊಂದಿಕೊಂಡ ಎತ್ತರದ ಜಮೀನು) ಜಾಗದ ಇಳಿಜಾರು ಎಷ್ಟಿದೆ, ನೀರು ಎಲ್ಲಿಂದ ಹರಿದು ಎಲ್ಲಿಗೆ ಸೇರುತ್ತದೆ ಎಂದು ಕೇಳಿಕೊಂಡು ಬರುವವರು ಹೆಚ್ಚಾದರು. ಒಂದು ತೋಟಕ್ಕೆ ಸಾವಿರದೈನೂರು, ಎರಡು ಸಾವಿರ ಚಿತ್ರ. 32 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಹೊಸ ವರ್ಕ್‌ಸ್ಟೇಷನ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ.

ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಳಸಿದ ಸರ್ವರ್ ಮದರ್‌ಬೋರ್ಡ್ ತರಿಸಿದೆ. ಪ್ರೊಸೆಸರ್ ಕೂರಿಸಲು ಎರಡು ಸಾಕೆಟ್, ಇಂಟೆಲ್ ಸಿ612 ಚಿಪ್‌ಸೆಟ್. ಮೇಲೆ ಎರಡು ಝಿಯಾನ್ ಇ5-2680 ವಿ4 ಪ್ರೊಸೆಸರ್, ಒಂದೊಂದರಲ್ಲಿ 14 ಕೋರ್. 16 ಜಿಬಿಯ ಎಂಟು ಇಸಿಸಿ (ತಪ್ಪನ್ನು ತಾನೇ ತಿದ್ದಿಕೊಳ್ಳುವ) ಮೆಮೊರಿ ಕಡ್ಡಿ, ಒಟ್ಟು 128 ಜಿಬಿ. ಡಿಸ್ಕುಗಳಿಗೆ ಒಂದು ಸ್ಯಾಸ್ ಕಾರ್ಡ್, ಜೊತೆಗೆ ಮಾಮೂಲಿ ಗ್ರಾಫಿಕ್ಸ್ ಕಾರ್ಡ್. ಬೋರ್ಡಿನ ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ಗುಣ ಈ ಜಾತಿಯ ಹೆಚ್ಚಿನ ಬೋರ್ಡುಗಳಲ್ಲಿ ಇದೆ.

ಮೊದಲ ದಿನ ಪ್ಲಗ್ ಹಾಕಿ ಬಟನ್ ಒತ್ತಿದೆ. ಫ್ಯಾನ್ ತಿರುಗಲಿಲ್ಲ, ದೀಪ ಹತ್ತಲಿಲ್ಲ. ಮತ್ತೆ ಒತ್ತಿದರೂ ಅಷ್ಟೇ. ನನ್ನ ಜೊತೆ ಡ್ರೋನ್ ಹಿಡಿದು ಓಡಾಡುವ ಹುಡುಗ "ಅಕ್ಕಾ, ಇದು ಸತ್ತಿದೆ, ವಾಪಸ್ ಕಳಿಸೋಣ" ಎಂದ. ನನಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ಅದೇ ಬುಸ್ಸೆಂದು ಎದ್ದಿತು, ಎಲ್ಲ ಫ್ಯಾನೂ ಪೂರ್ತಿ ವೇಗದಲ್ಲಿ. ಆದರೆ ಪರದೆ ಇನ್ನೂ ಕಪ್ಪು. ಲಾಗಿನ್ ಕಾಣಿಸುವ ಹೊತ್ತಿಗೆ ಗಡಿಯಾರದಲ್ಲಿ 4 ನಿಮಿಷ 20 ಸೆಕೆಂಡು ಕಳೆದಿತ್ತು.

ಲಿನಕ್ಸ್‌ನಲ್ಲಿ 'ಸಿಸ್ಟಮ್‌ಡಿ-ಅನಲೈಜ್' ಎಂಬ ಆಜ್ಞೆ ಇದೆ. ಆನ್ ಆಗಲು ಹಿಡಿದ ಹೊತ್ತನ್ನು ಫರ್ಮ್‌ವೇರ್‌ಗೆ (ಲಿನಕ್ಸ್‌ಗೂ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಬಯಾಸ್) ಎಷ್ಟು, ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಎಷ್ಟು, ಉಳಿದ ಸೇವೆಗಳಿಗೆ ಎಷ್ಟು ಎಂದು ಒಡೆದು ತೋರಿಸುತ್ತದೆ. ಫರ್ಮ್‌ವೇರ್ ಎರಡೂವರೆ ನಿಮಿಷ, ಉಳಿದದ್ದೆಲ್ಲ ಸೇರಿ ಅರ್ಧ ನಿಮಿಷ ಎಂದಿತು. ಅಲ್ಲಿಗೆ ಮೂರು ನಿಮಿಷ. ನನ್ನ ಗಡಿಯಾರಕ್ಕೂ ಅದಕ್ಕೂ 80 ಸೆಕೆಂಡು ತಾಳೆ ಬೀಳಲಿಲ್ಲ. ಆ 80 ಸೆಕೆಂಡು ಎಲ್ಲಿ ಹೋಯಿತು ಎಂದು ಹುಡುಕಿದ್ದರಿಂದಲೇ ಈ ಬೋರ್ಡು ನನಗೆ ಅರ್ಥವಾಯಿತು.

ಬೋರ್ಡಿನ ಮೂಲೆಯಲ್ಲಿ ಇನ್ನೊಂದು ಪುಟ್ಟ ಕಂಪ್ಯೂಟರ್ ಕೂತಿದೆ. ಬಿಎಂಸಿ (ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್) ಎನ್ನುತ್ತಾರೆ. ನನ್ನದರಲ್ಲಿ ಇರುವುದು ಆಸ್‌ಪೀಡ್ ಎಎಸ್‌ಟಿ2400 ಚಿಪ್. ಅದಕ್ಕೆ ತನ್ನದೇ ಆರ್ಮ್ ಪ್ರೊಸೆಸರ್, ತನ್ನದೇ ಲಿನಕ್ಸ್. ಬಿಸಿ, ಫ್ಯಾನು, ವೋಲ್ಟೇಜು ಎಲ್ಲವನ್ನೂ ಕಾಯುವುದು, ದೂರದಿಂದಲೇ ಆನ್-ಆಫ್ ಮಾಡಿಸುವುದು ಅದರ ಕೆಲಸ. ಪ್ಲಗ್‌ನಿಂದ ಕರೆಂಟು ಬಂದ ಕೂಡಲೇ, ಬಟನ್ ಒತ್ತದಿದ್ದರೂ, ಮೊದಲು ಅದು ಏಳುತ್ತದೆ. ಈ ಬೋರ್ಡಿನಲ್ಲಿ ಅದು ಎದ್ದು ಸಿದ್ಧವಾಗುವ ತನಕ ದೊಡ್ಡ ಪ್ರೊಸೆಸರ್‌ಗಳಿಗೆ ಕರೆಂಟು ಬಿಡುವುದಿಲ್ಲ. ಫರ್ಮ್‌ವೇರ್‌ನ ಲೆಕ್ಕ ಶುರುವಾಗುವುದು ಅದಾದ ಮೇಲೆ. ಕ್ಯಾಬಿನೆಟ್ ಬಾಗಿಲು ತೆಗೆದು ನೋಡಿದರೆ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ. ಬಿಎಂಸಿ ಸಿದ್ಧವಾದಾಗ ಅದು ನಾಡಿ ಬಡಿದ ಹಾಗೆ ಮಿನುಗಲು ಶುರುಮಾಡುತ್ತದೆ. ಆ ದೀಪ ಮಿನುಗುವ ಮೊದಲು ಬಟನ್ ಎಷ್ಟು ಸಲ ಒತ್ತಿದರೂ ಬೋರ್ಡು ಬೇಗ ಏಳುವುದಿಲ್ಲ.

ಉಳಿದ ಎರಡೂವರೆ ನಿಮಿಷವನ್ನು ಒಂದೊಂದಾಗಿ ಅಳೆದೆ. ಅದಕ್ಕೂ ಮೊದಲು ಬಯಾಸ್‌ನಲ್ಲಿ ವಿಜಿಎ ಆದ್ಯತೆಯನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಬದಲಿಸಬೇಕಾಯಿತು. ಅಲ್ಲಿಯ ತನಕ ಚಿತ್ರವೆಲ್ಲ ಬಿಎಂಸಿಯ ವಿಜಿಎ ಪೋರ್ಟಿಗೆ ಹೋಗುತ್ತಿತ್ತು, ನಾನು ಕಪ್ಪು ಪರದೆ ನೋಡುತ್ತ ಕೂತಿದ್ದೆ. ಮೆಮೊರಿಗೆ 45 ಸೆಕೆಂಡು. ಸ್ಯಾಸ್ ಕಾರ್ಡ್ ತನ್ನ ಡಿಸ್ಕುಗಳನ್ನು ಹುಡುಕಲು 30. ಎರಡು ನೆಟ್‌ವರ್ಕ್ ಪೋರ್ಟುಗಳೂ ಸರದಿಯಂತೆ "ನೆಟ್‌ವರ್ಕಿನಿಂದ ಬೂಟ್ ಆಗಲೇ?" ಎಂದು ವಿಚಾರಿಸಿ, ಉತ್ತರ ಸಿಗದೆ ಸುಮ್ಮನಾಗಲು 50. ಚೂರುಪಾರು ಕೆಲಸಕ್ಕೆ 25.

ನೆಟ್‌ವರ್ಕ್ ಬೂಟ್ ನನಗೆ ಬೇಕಿಲ್ಲ, ಆಫ್ ಮಾಡಿದೆ. ಸ್ಯಾಸ್ ಕಾರ್ಡಿನ ಆಪ್ಷನ್ ರಾಮ್ (ಆನ್ ಆಗುವಾಗಲೇ ಓಡುವ, ಕಾರ್ಡಿನದ್ದೇ ಪುಟ್ಟ ಪ್ರೋಗ್ರಾಮ್) ಕೂಡ ಆಫ್ ಮಾಡಿದೆ. ಅದು ಬೇಕಾಗುವುದು ಆ ಡಿಸ್ಕುಗಳಿಂದಲೇ ಬೂಟ್ ಮಾಡುವವರಿಗೆ. ನನ್ನ ಲಿನಕ್ಸ್ ಇರುವುದು ಬೋರ್ಡಿಗೇ ಸಿಕ್ಕಿಸಿದ ಎಸ್‌ಎಸ್‌ಡಿಯಲ್ಲಿ, ಉಳಿದ ಡಿಸ್ಕುಗಳು ಡ್ರೈವರ್ ಲೋಡ್ ಆದ ಮೇಲೆ ತಾವಾಗಿ ಕಾಣಿಸುತ್ತವೆ. ಮೆಮೊರಿಯದ್ದು ಸ್ವಲ್ಪ ಸೂಕ್ಷ್ಮ. ಪ್ರತಿ ಕಡ್ಡಿಗೂ ಸಂಕೇತ ಯಾವ ಗಳಿಗೆಗೆ ಬಂದು ತಲುಪುತ್ತದೆ ಎಂದು ಅಳೆದು ಹೊಂದಿಸಿಕೊಳ್ಳುವುದನ್ನು ಟ್ರೈನಿಂಗ್ ಎನ್ನುತ್ತಾರೆ. ಕಡ್ಡಿ ಹೆಚ್ಚಾದಷ್ಟೂ ಹೊತ್ತು ಹೆಚ್ಚು. ಕಡ್ಡಿಗಳು ಬದಲಾಗದಿದ್ದರೆ ಹಿಂದಿನ ಅಳತೆಯನ್ನೇ ಬಳಸು ಎನ್ನುವ ಆಯ್ಕೆ ಇತ್ತು. ಅದನ್ನು ಹಾಕಿದ ಮೇಲೆ 45 ಹೋಗಿ 20 ಆಯಿತು. ಬಿಎಂಸಿ ಎಚ್ಚರವಾಗಿದ್ದರೆ ಈಗ ಬಟನ್ ಒತ್ತಿ 75 ಸೆಕೆಂಡಿಗೆ ಲಾಗಿನ್ ಬರುತ್ತದೆ.

ಆದರೆ ಕೊಡಗಿನಲ್ಲಿ ಬಿಎಂಸಿಯನ್ನು ಎಚ್ಚರವಾಗಿಡುವುದೇ ಕಷ್ಟ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ಸಾಕು, ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ನಮ್ಮಲ್ಲಿ ರೂಢಿ. ಅಮ್ಮ ಹಟ್ಟಿಯಿಂದಲೇ ಕೂಗಿ ನೆನಪಿಸುತ್ತಾರೆ. ಜೂನ್ ಬಂದರೆ ಸಿಲ್ವರ್ ಮರದ ಕೊಂಬೆ ಲೈನಿನ ಮೇಲೆ ಬಿದ್ದು ದಿನಗಟ್ಟಲೆ ಕರೆಂಟಿಲ್ಲ. ಒಂದೊಂದು ಸಲ ಕರೆಂಟು ಹೋದಾಗಲೂ ಬಿಎಂಸಿ ಮಲಗುತ್ತದೆ, ಮತ್ತೆ ಆ 80 ಸೆಕೆಂಡು. ಈಗ ಸಿಡಿಲಿನ ಹೊತ್ತಿನಲ್ಲಿ ಕಂಪ್ಯೂಟರಿನ ಪ್ಲಗ್ ಮುಟ್ಟುವುದಿಲ್ಲ. ಯುಪಿಎಸ್‌ನ ಪ್ಲಗ್ಗನ್ನೇ ಗೋಡೆಯಿಂದ ಕೀಳುತ್ತೇನೆ, ನೆಟ್‌ವರ್ಕ್ ಕೇಬಲನ್ನೂ ಕೀಳುತ್ತೇನೆ. ಆಫ್ ಆಗಿರುವ ಬೋರ್ಡಿನ ಬಿಎಂಸಿಗೆ ಬೇಕಾದದ್ದು ಕೆಲವೇ ವ್ಯಾಟ್, ಬ್ಯಾಟರಿ ಸಂಜೆಯ ಮಳೆ ಮುಗಿಯುವ ತನಕ ಆರಾಮಾಗಿ ತಾಳುತ್ತದೆ. ಒಂದು ಎಚ್ಚರಿಕೆ: ನಾನು ಮೊದಲು ತಂದ ಯುಪಿಎಸ್ ಲೋಡ್ ಕಡಿಮೆ ಇದ್ದರೆ ತಾನಾಗಿ ಆಫ್ ಆಗುತ್ತಿತ್ತು. ಅಂಥದ್ದು ಈ ಕೆಲಸಕ್ಕೆ ಬಾರದು. ಕೊಳ್ಳುವಾಗಲೇ ಕೇಳಿ ತನ್ನಿ.

ಅದೇ ಬಿಎಂಸಿ ಉಪಕಾರವನ್ನೂ ಮಾಡುತ್ತದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟು ಮೊಬೈಲಿನಿಂದಲೇ ಆನ್ ಮಾಡುತ್ತೇನೆ. ಕೋಣೆಗೆ ಹೋಗುವಷ್ಟರಲ್ಲಿ ಲಾಗಿನ್ ಪರದೆ ಬಂದಿರುತ್ತದೆ. ಬಿಎಂಸಿಯ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ, ಬಿಎಂಸಿಯನ್ನು ಇಂಟರ್ನೆಟ್ಟಿಗೆ ತೆರೆದಿಡಲೇಬೇಡಿ. ಮನೆಯೊಳಗಿನ ನೆಟ್‌ವರ್ಕಿನಲ್ಲಿ ಮಾತ್ರ ಇರಲಿ.

ಎರಡನೇ ವರ್ಷದ ಆಗಸ್ಟ್‌ನಲ್ಲಿ ಗೋಡೆಯ ಮೇಲೂ ಬೂಷ್ಟು ಹಿಡಿದಿತ್ತು. ಒಂದು ದಿನ ಆನ್ ಆಗಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಮೆಮೊರಿ 112 ಜಿಬಿ ಎಂದು ತೋರಿಸಿತು. ಮಾಮೂಲಿ ಬೋರ್ಡಾಗಿದ್ದರೆ ಎಂಟು ಕಡ್ಡಿಗಳನ್ನೂ ಒಂದೊಂದಾಗಿ ತೆಗೆದು ಹಾಕಿ ನೋಡಬೇಕಿತ್ತು. ಇಲ್ಲಿ ಬಿಎಂಸಿಯ ದಾಖಲೆ ತೆರೆದರೆ ಹಿಂದಿನ ನಾಲ್ಕು ದಿನಗಳಿಂದ ಒಂದೇ ಸ್ಲಾಟಿನ ಹೆಸರು, ಸರಿಪಡಿಸಿದ ತಪ್ಪುಗಳ ಸಾಲು. ಇಸಿಸಿ ಕಡ್ಡಿಯಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚುವರಿ ಇರುತ್ತದೆ. ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ಹೇಳುತ್ತದೆ. ಆ ನಾಲ್ಕು ದಿನವೂ ಅದು ತಿದ್ದುತ್ತಲೇ ಇತ್ತು, ನಾನು ಮಾಡಿಕೊಟ್ಟ ನಕ್ಷೆ ಕೆಡಲಿಲ್ಲ. ಆ ಕಡ್ಡಿ ತೆಗೆದು, ಮಸುಕಾದ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ವಾಪಸ್ ಹಾಕಿದೆ. 128 ಬಂತು, ಈವರೆಗೆ ಕಾಟವಿಲ್ಲ. ಹದಿನೆಂಟು ಗಂಟೆ ಓಡುವ ಕೆಲಸಕ್ಕೆ ಕೂರಿಸಿ ನೆಮ್ಮದಿಯಾಗಿ ಮಲಗಲು ಆಗುವುದು ಇದರಿಂದ.

ಕಿರಿಕಿರಿಗಳೂ ಇವೆ. ಸದ್ದು ಮಾಡದ ನಿಧಾನದ ಫ್ಯಾನ್ ಹಾಕಿದರೆ, ಬಿಎಂಸಿ ಅದು ಕೆಟ್ಟಿದೆ ಎಂದು ತಿಳಿದು ಎಲ್ಲ ಫ್ಯಾನನ್ನೂ ಜೋರಾಗಿ ಓಡಿಸುತ್ತದೆ, ಇಳಿಸುತ್ತದೆ, ಮತ್ತೆ ಓಡಿಸುತ್ತದೆ, ಉಬ್ಬಸದವರ ಉಸಿರಿನ ಹಾಗೆ. ಬಿಎಂಸಿಗೆ ಆಜ್ಞೆ ಕೊಡುವ 'ಐಪಿಎಂಐಟೂಲ್' ಬಳಸಿ ಕನಿಷ್ಠ ವೇಗದ ಮಿತಿ ಇಳಿಸಿದ ಮೇಲೆ ಸರಿಹೋಯಿತು. ಸ್ಲೀಪ್ ಇಲ್ಲ, ಒಂದೋ ಆನ್, ಇಲ್ಲವೇ ಆಫ್. ಸುಮ್ಮನಿದ್ದರೂ 100 ವ್ಯಾಟ್‌ಗಿಂತ ಹೆಚ್ಚು ಎಳೆಯುತ್ತದೆ. ಬೋರ್ಡು ದೊಡ್ಡದು, ಮಾಮೂಲಿ ಕ್ಯಾಬಿನೆಟ್ಟಿಗೆ ಹಿಡಿಸುವುದಿಲ್ಲ. ಪವರ್ ಸಪ್ಲೈಯಲ್ಲಿ ಎರಡು 8 ಪಿನ್ ಸಿಪಿಯು ಕೇಬಲ್ ಇರಬೇಕು. ದಿನಕ್ಕೆ ಹತ್ತು ಸಲ ಆನ್-ಆಫ್ ಮಾಡುವವರಿಗೆ, ಬಿಲ್ಲು ಬರೆಯುವ ಅಂಗಡಿಗೆ ನಾನು ಇದನ್ನು ಹೇಳುವುದಿಲ್ಲ. ಮೆಮೊರಿ ತಿನ್ನುವ ದೀರ್ಘ ಕೆಲಸ ಇರುವವರು ಧೈರ್ಯವಾಗಿ ತೆಗೆದುಕೊಳ್ಳಿ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ.

ಕಳೆದ ಮೇ ತಿಂಗಳಲ್ಲಿ ಮತ್ತೆ ನಾಲ್ಕು ನಿಮಿಷ ಹಿಡಿಯತೊಡಗಿತು. ನೋಡಿದರೆ ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದಿತ್ತು, ಬಯಾಸ್‌ನಲ್ಲಿ ನಾನು ಬದಲಿಸಿದ್ದೆಲ್ಲ ಅಳಿಸಿ ಹೋಗಿ ನೆಟ್‌ವರ್ಕ್ ಬೂಟ್ ವಾಪಸ್ ಬಂದಿತ್ತು. ಹೊಸ ಬ್ಯಾಟರಿ ಹಾಕಿ, ಎಲ್ಲವನ್ನೂ ಮತ್ತೆ ಹೊಂದಿಸಿ, ಈ ಸಲ ಒಂದೊಂದು ಪುಟದ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಕ್ಯಾಬಿನೆಟ್ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ.