ಹಳೆಯ ಕ್ಯಾರವಾನ್‌ಗೆ ವೈರಿಂಗ್ ಮಾಡಿಸಿದವರು ದಯವಿಟ್ಟು ಸೀಟು ಎತ್ತಿ ನೋಡಿ: ಬ್ಯಾಟರಿಯ ಪಕ್ಕದಲ್ಲಿ ಫ್ಯೂಸ್ ಇದೆಯೇ?

ಕಳೆದ ದಸರಾ ರಜೆಯಲ್ಲಿ ನನ್ನ ತಂಗಿಯ ಇಬ್ಬರು ಮಕ್ಕಳು ಆಲ್ದೂರಿನ ಸಮೀಪದ ನಮ್ಮ ತೋಟಕ್ಕೆ ಬಂದಿದ್ದರು. ಕಣದ ಅಂಚಿನಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ಟ್ರೈಲರಿನಲ್ಲಿಯೇ ಮಲಗುತ್ತೇವೆಂದು ಹಠ ಹಿಡಿದರು, ನಾನೂ ಸಂತೋಷದಿಂದಲೇ ಒಪ್ಪಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ಆ ಹಾಸಿಗೆಯ ಕೆಳಗೆ ಬ್ಯಾಟರಿಯಿಂದ ಹೊರಟ ವೈರು ಕಾದ ಕಬ್ಬಿಣದಂತೆ ಕೆಂಪಾಗಿ, ಮೇಲಿನ ಹಲಗೆಗೂ ಫೋಮ್ ಹಾಸಿಗೆಗೂ ಬೆಂಕಿ ಹತ್ತಿತು. ದೊಡ್ಡವಳಿಗೆ ಹೊಗೆಯ ಘಾಟಿಗೆ ಎಚ್ಚರವಾದದ್ದರಿಂದ, ಅವಳು ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಓಡಿಬಂದದ್ದರಿಂದ, ಇಂದು ನಾನು ಇದನ್ನು ಬರೆಯುತ್ತಿದ್ದೇನೆ. ಇಲ್ಲವಾಗಿದ್ದರೆ ಬರೆಯುವ ಸ್ಥಿತಿಯಲ್ಲಿ ನಾನು ಇರುತ್ತಿರಲಿಲ್ಲ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ಟ್ರೈಲರ್ ಅಥವಾ ವ್ಯಾನ್ ತಂದು, ಒಳಗೆ ಹಾಸಿಗೆ, ಅಡುಗೆಕಟ್ಟೆ, ದೀಪ ಹಾಕಿಸಿಕೊಳ್ಳುವ ಆಸೆ ಇರುವವರು ನನ್ನ ಪರಿಚಯದಲ್ಲಿಯೇ ಹಲವರಿದ್ದಾರೆ. ಅವರಲ್ಲಿ ಯಾರಿಗೂ ಇಂಥ ರಾತ್ರಿ ಬರಬಾರದು.

ಟ್ರೈಲರ್ ಇಂಗ್ಲೆಂಡಿನಲ್ಲಿ ತಯಾರಾದ ಬಹಳ ಹಳೆಯ ಮಾದರಿ. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಮರದ ಪಟ್ಟಿಗಳ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ಕಾಫಿ ಕೊಯ್ಲು ಮುಗಿದ ಮೇಲೆ ಬೆಂಗಳೂರಿನಿಂದ ಎಳೆದು ತಂದೆವು. ತಗಡಿನ ಜೋಡಣೆಗಳಲ್ಲಿ ನೀರು ಇಳಿದು ಕೊಳೆತಿದ್ದ ಪಟ್ಟಿಗಳನ್ನು ನಮ್ಮೂರಿನ ಬಡಗಿಯವರು ಬಿಚ್ಚಿ, ಹೊಸ ಮರ ಕೂಡಿಸಿ, ಒಳಗೆ ಪ್ಲೈವುಡ್ ಹೊಡೆದುಕೊಟ್ಟರು. ಆ ಕೆಲಸದ ಬಗ್ಗೆ ನನಗೆ ಯಾವ ದೂರೂ ಇಲ್ಲ. ನನ್ನ ದೂರು ಇರುವುದು ವೈರಿಂಗಿನ ಬಗ್ಗೆ, ಮತ್ತು ಅದನ್ನು ನಂಬಿದ ನನ್ನ ಅಜಾಗರೂಕತೆಯ ಬಗ್ಗೆ.

ವೈರಿಂಗ್ ಮಾಡಿದವರು ಮನೆಗಳಿಗೆ, ಹೋಂಸ್ಟೇಗಳಿಗೆ ಕೆಲಸ ಮಾಡಿ ಹೆಸರು ಗಳಿಸಿದವರು. ನಮ್ಮ ಮನೆಯ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿದ್ದರು. ಟ್ರೈಲರ್ ನೋಡಿದಾಗ ಅವರು ಹೇಳಿದ ಮೊದಲ ಮಾತು ನನಗೆ ಇಂದಿಗೂ ನೆನಪಿದೆ: “ಹನ್ನೆರಡು ವೋಲ್ಟ್ ಅಲ್ವಾ ಸಾರ್, ಕೈಯಲ್ಲಿ ಹಿಡ್ಕೊಂಡ್ರೂ ಏನೂ ಆಗಲ್ಲ.” ಕೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ ಎಂಬುದು ನಿಜ. ಆದರೆ ಬೆಂಕಿಗೆ ಹೆಚ್ಚಿನ ವೋಲ್ಟೇಜ್ ಬೇಕಾಗಿಲ್ಲ, ಹೆಚ್ಚಿನ ಕರೆಂಟ್ ಸಾಕು. ಮನೆಯ 750 ವ್ಯಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಎಳೆಯುವುದು ಮೂರು ಆಂಪಿಯರ್ ಚಿಲ್ಲರೆ. ಅದೇ ಮಿಕ್ಸಿಯನ್ನು ಇನ್ವರ್ಟರ್ ಮೂಲಕ 12 ವೋಲ್ಟಿನ ಬ್ಯಾಟರಿಯಿಂದ ನಡೆಸಿದರೆ ಬ್ಯಾಟರಿಯ ವೈರಿನಲ್ಲಿ 62 ಆಂಪಿಯರ್ ಹರಿಯಬೇಕು. ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಸುಮಾರು 70. ಅವರು ಹಾಕಿದ್ದು 4 ಚದರ ಮಿಲಿಮೀಟರಿನ ಮನೆಯ ವೈರು. ಅದು ಸುಮಾರು 30 ಆಂಪಿಯರಿನವರೆಗೆ ನೆಚ್ಚಬಹುದಾದ ವೈರು. ಬ್ಯಾಟರಿ ಹಿಂದಿನ ಹಾಸಿಗೆಯ ಕೆಳಗೆ, ಇನ್ವರ್ಟರ್ ಬಾಗಿಲಿನ ಪಕ್ಕದ ಕಪಾಟಿನಲ್ಲಿ, ನಡುವೆ ನಾಲ್ಕು ಮೀಟರ್ ದೂರ.

ಈ ತಪ್ಪು ಮೊದಲ ತಿಂಗಳಲ್ಲಿಯೇ ನಮಗೆ ಕೂಗಿ ಹೇಳಿತ್ತು. ಮಿಕ್ಸಿ ಹಾಕಿದೊಡನೆ ಇನ್ವರ್ಟರ್ ಬೀಪ್ ಬೀಪ್ ಎಂದು ಬಡಿದುಕೊಂಡು ನಿಂತುಹೋಗುತ್ತಿತ್ತು. ಕರೆಸಿದಾಗ ಅವರು ಬ್ಯಾಟರಿ ಕೆಟ್ಟಿದೆ ಎಂದರು. ಸರಿಯಾಗಿಯೇ ಇದ್ದ ಬ್ಯಾಟರಿಯನ್ನು ಬದಲಿಸಿ 150 ಆಂಪಿಯರ್-ಅವರಿನ ಹೊಸ ಟ್ಯೂಬ್ಯುಲರ್ ಬ್ಯಾಟರಿ ತಂದೆವು. ಬೀಪ್ ನಿಲ್ಲಲಿಲ್ಲ. ಈಗ ಲೆಕ್ಕ ತಿಳಿದಿದೆ: ಹೋಗಿಬರುವ ಎಂಟು ಮೀಟರ್ ಸಣ್ಣ ವೈರಿನಲ್ಲಿ 70 ಆಂಪಿಯರ್ ಹರಿದಾಗ ಸುಮಾರು ಎರಡೂವರೆ ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಬ್ಯಾಟರಿಯ ಬಳಿ 12.4 ಇದ್ದರೂ ಇನ್ವರ್ಟರಿಗೆ ತಲುಪುವುದು ಹತ್ತಕ್ಕೂ ಕಡಿಮೆ. ಕಳೆದುಹೋದ ಆ ಎರಡೂವರೆ ವೋಲ್ಟ್ ಎಲ್ಲಿಯೂ ಮಾಯವಾಗುವುದಿಲ್ಲ, ವೈರಿನ ಉದ್ದಕ್ಕೂ ಶಾಖವಾಗಿ ಕೂರುತ್ತದೆ. ಆದ್ದರಿಂದ ಇನ್ವರ್ಟರ್ ಕೂಗಿದರೆ ಬ್ಯಾಟರಿ ಬದಲಿಸುವ ಮುನ್ನ ಉಪಕರಣ ನಡೆಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು, ಬ್ಯಾಟರಿಯ ಕಂಬಗಳಲ್ಲಿ ಎಷ್ಟಿದೆ, ಇನ್ವರ್ಟರಿನ ಬಾಯಲ್ಲಿ ಎಷ್ಟಿದೆ ಎಂದು ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದೋಷ ವೈರಿನಲ್ಲಿ ಅಥವಾ ಜೋಡಣೆಯಲ್ಲಿದೆ. ಎರಡು ನಿಮಿಷದ ಈ ಅಳತೆಯನ್ನು ಯಾರಾದರೂ ಅಂದು ಮಾಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಎರಡನೆಯ ಎಚ್ಚರಿಕೆ ಆರಿದ್ರಾ ಮಳೆಯಲ್ಲಿ ಬಂತು. ಕಣದ ಗೋಡೌನಿನಿಂದ ಎಳೆದ ಎಕ್ಸ್‌ಟೆನ್ಷನ್ ವೈರಿನಲ್ಲಿ ಟ್ರೈಲರಿಗೆ ಕರೆಂಟ್ ಕೊಟ್ಟಿದ್ದೆವು. ನನ್ನ ಹೆಂಡತಿ ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲಿನ ಹಿಡಿ ಮುಟ್ಟಿದಾಗ ಕೈ ಜುಮ್ಮೆಂದು ಹಿಂದಕ್ಕೆ ಸೆಳೆಯಿತು. ಆ ಎಕ್ಸ್‌ಟೆನ್ಷನ್ ಎರಡೇ ಎಳೆಯದು, ಅರ್ಥಿಂಗ್ ತಂತಿಯೇ ಇರಲಿಲ್ಲ. ಪ್ಲೈವುಡ್ ಹೊಡೆಯುವಾಗ ಒಂದು ಸ್ಕ್ರೂ ಗೋಡೆಯೊಳಗಿನ ಫೇಸ್ ತಂತಿಯ ಸಿಪ್ಪೆಯನ್ನು ಸವರಿ ಹೊರಗಿನ ತಗಡಿಗೆ ತಾಗಿತ್ತು. ಟ್ರೈಲರ್ ನಿಂತಿರುವುದು ರಬ್ಬರ್ ಟೈರುಗಳ ಮೇಲೆ, ಆದ್ದರಿಂದ ಸೋರಿದ ಕರೆಂಟಿಗೆ ನೆಲ ಸೇರಲು ದಾರಿಯಿಲ್ಲ. ತಗಡು ಮುಟ್ಟಿದ ಮನುಷ್ಯನೇ ದಾರಿಯಾಗುತ್ತಾನೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕಿಂತ ಅಪಾಯದ ಸ್ಥಿತಿ ಬೇರೊಂದಿಲ್ಲ. ಎಕ್ಸ್‌ಟೆನ್ಷನ್ ಕಿತ್ತೊಗೆದು ಮೂರು ಎಳೆಯ ಕೇಬಲ್ ಹಾಕಿಸಿದೆ, ಸ್ಕ್ರೂ ತಾಗಿದ್ದ ತಂತಿಯನ್ನು ಬದಲಿಸಿಸಿದೆ, ಕರೆಂಟ್ ಸೋರಿದೊಡನೆ ಲೈನು ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡಿಸಿದೆ. ಅಷ್ಟಕ್ಕೆ ನಿಲ್ಲಿಸಿದ್ದು ನನ್ನ ತಪ್ಪು. ಒಂದು ಕಡೆ ಇಷ್ಟು ಅಸಡ್ಡೆಯಿಂದ ಕೆಲಸ ಮಾಡಿದವರು ಇನ್ನೊಂದು ಕಡೆ ಹೇಗೆ ಮಾಡಿರಬಹುದು ಎಂದು ನಾನು ಆಗಲೇ ಎಲ್ಲವನ್ನೂ ಬಿಚ್ಚಿಸಿ ನೋಡಬೇಕಿತ್ತು.

ಆರ್‌ಸಿಸಿಬಿ ಇದೆ ಎಂದು ನೆಮ್ಮದಿಯಿಂದ ಇರುವವರಿಗೆ ಇಲ್ಲೊಂದು ಮಾತು ಹೇಳಬೇಕು. ಟ್ರೈಲರ್ ಹೊರಗಿನ ಲೈನಿನ ಬದಲು ತನ್ನದೇ ಇನ್ವರ್ಟರಿನ ಮೇಲೆ ನಡೆಯುವಾಗ, ಆ ಇನ್ವರ್ಟರಿನ ನ್ಯೂಟ್ರಲ್ ಚಾಸಿಯ ಅರ್ಥಿಗೆ ಜೋಡಣೆಯಾಗಿಲ್ಲದಿದ್ದರೆ, ಫೇಸ್ ತಂತಿ ತಗಡಿಗೆ ತಾಗಿದರೂ ಆರ್‌ಸಿಸಿಬಿ ಬೀಳುವುದಿಲ್ಲ, ಅಂದರೆ ಕರೆಂಟ್ ಕಡಿಯುವುದಿಲ್ಲ. ಆ ಜೋಡಣೆ ಇನ್ವರ್ಟರ್ ನಡೆಯುವಾಗ ಮಾತ್ರ ಇರಬೇಕು, ಹೊರಗಿನ ಲೈನು ಬಂದಾಗ ತಾನಾಗಿ ಬಿಟ್ಟುಕೊಳ್ಳಬೇಕು. ಎಲ್ಲ ಇನ್ವರ್ಟರುಗಳಿಗೂ ಹೀಗೆ ಜೋಡಿಸಲು ಬರುವುದಿಲ್ಲ. ಕೊಳ್ಳುವ ಮುನ್ನವೇ ಕೈಪಿಡಿ ತೆರೆಸಿ ಕೇಳಿ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿ ಒತ್ತಿದಾಗ ಅದು ಬಿದ್ದರೆ ಅದರ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ, ನಿಮ್ಮ ಅರ್ಥಿಂಗ್ ಸರಿಯಿದೆ ಎಂದಲ್ಲ.

ಈಗ ಆ ರಾತ್ರಿಯ ಸಂಗತಿ. ಅಂದು ಸಂಜೆಯಷ್ಟೇ ಬೇಲೂರು, ಹಳೇಬೀಡು ಸುತ್ತಿಕೊಂಡು ಟ್ರೈಲರ್ ಎಳೆದುಕೊಂಡು ಬಂದಿದ್ದೆವು. ಮುಖ್ಯ ರಸ್ತೆಯಿಂದ ತೋಟಕ್ಕೆ ಬರುವ ಮಣ್ಣುದಾರಿ ಮಳೆಗೆ ಕೊಚ್ಚಿ ಕಲ್ಲು ಎದ್ದಿತ್ತು. ಬ್ಯಾಟರಿಯ ಪಾಸಿಟಿವ್ ವೈರು ಚಾಸಿಯ ಅಡ್ಡಪಟ್ಟಿಯಲ್ಲಿ ಕೊರೆದ ತೂತಿನೊಳಗೆ ಹಾದುಹೋಗಿತ್ತು, ಆ ತೂತಿಗೆ ಅಂಚು ವೈರನ್ನು ಉಜ್ಜದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಹಾಕಿರಲಿಲ್ಲ. ತಿಂಗಳುಗಟ್ಟಲೆ ಕುಲುಕಾಟದಲ್ಲಿ ಉಕ್ಕಿನ ಚೂಪು ಅಂಚು ವೈರಿನ ಸಿಪ್ಪೆಯನ್ನು ಗರಗಸದಂತೆ ಕೊಯ್ದಿತ್ತು. ರಾತ್ರಿ ಮಕ್ಕಳಿಗೆ ಹಾಲು ಕಾಯಿಸಲು 500 ವ್ಯಾಟಿನ ಸಣ್ಣ ಕೆಟಲ್ ಹಾಕಿದೆವು. ಅದಕ್ಕೇ ಬ್ಯಾಟರಿಯಿಂದ ಸುಮಾರು 48 ಆಂಪಿಯರ್ ಹರಿಯುತ್ತದೆ. ವೈರು ಕಾದು, ಸಿಪ್ಪೆ ಮೆದುವಾಗಿ, ಉಳಿದಿದ್ದ ತೆಳು ಪದರವೂ ಸೋತಿತು. ಮುಂದೆ ಮಕ್ಕಳು ಮಗ್ಗುಲು ಬದಲಿಸಿದಾಗಲೋ ಏನೋ, ತಾಮ್ರ ನೇರವಾಗಿ ಚಾಸಿಗೆ ಮುಟ್ಟಿತು. ಬ್ಯಾಟರಿಯ ನೆಗೆಟಿವ್ ಮೊದಲೇ ಚಾಸಿಗೆ ಕಟ್ಟಿದೆ. ಅಲ್ಲಿಗೆ ಬ್ಯಾಟರಿಯ ಎರಡು ತುದಿಗಳನ್ನೂ ಒಂದು ತುಂಡು ವೈರಿನಿಂದ ಸೇರಿಸಿದಂತಾಯಿತು. ಅಂಥ ಬ್ಯಾಟರಿ ಆ ಸ್ಥಿತಿಯಲ್ಲಿ ನೂರಾರು ಆಂಪಿಯರ್ ಸುರಿಯುತ್ತದೆ.

ನಾನು ಓಡಿಬಂದು ಮೊದಲು ನೋಡಿದ್ದು ಬಾಗಿಲಿನ ಪಕ್ಕದ ಎಂಸಿಬಿ ಪೆಟ್ಟಿಗೆ. ಎಲ್ಲ ಎಂಸಿಬಿಗಳೂ ಆನ್ ಆಗಿಯೇ ಇದ್ದವು. ನಾನೇ ಎಲ್ಲವನ್ನೂ ಕೆಳಗೆ ಒತ್ತಿದೆ, ವೈರು ಉರಿಯುತ್ತಲೇ ಇತ್ತು. ಏಕೆಂದರೆ ಶಾರ್ಟ್ ಆಗಿದ್ದುದು ಬ್ಯಾಟರಿಗೂ ಪೆಟ್ಟಿಗೆಗೂ ನಡುವಿನ ದಾರಿಯಲ್ಲಿ. ಆ ಕರೆಂಟ್ ಪೆಟ್ಟಿಗೆಯವರೆಗೆ ಬರುತ್ತಲೇ ಇರಲಿಲ್ಲ. ಫ್ಯೂಸ್ ಕಾಯುವುದು ತನ್ನ ಮುಂದಿನ ವೈರನ್ನು ಮಾತ್ರ. ನಾಲ್ಕು ಮೀಟರ್ ಆಚೆ ಇಟ್ಟ ಫ್ಯೂಸು ಹಿಂದಿನ ನಾಲ್ಕು ಮೀಟರನ್ನು ಅನಾಥವಾಗಿ ಬಿಡುತ್ತದೆ. ಆ ಅನಾಥ ವೈರಿನ ಮೇಲೆ ಮಕ್ಕಳು ಮಲಗಿದ್ದರು.

ಬ್ಯಾಟರಿಯನ್ನು ಬಿಡಿಸಲು ಸ್ವಿಚ್ ಇರಲಿಲ್ಲ, ಸ್ಪ್ಯಾನರ್ ಕಾರಿನಲ್ಲಿತ್ತು. ಕೆಲಸದವರ ಸಾಲುಮನೆಯಿಂದ ಓಡಿಬಂದ ನಮ್ಮ ತೋಟದ ಕೆಲಸದವರೊಬ್ಬರು ಮರದ ಹಿಡಿಯ ಕತ್ತಿಯಿಂದ ಬ್ಯಾಟರಿಯ ಬುಡದಲ್ಲಿಯೇ ವೈರನ್ನು ಕಡಿದರು. ಕಿಡಿ ಹಾರಿ ಅವರ ಮುಂಗೈ ಸುಟ್ಟಿತು. ಅವರ ಋಣ ನನ್ನ ಮೇಲೆ ಯಾವತ್ತೂ ಇರುತ್ತದೆ. ಆದರೆ ಬೇರೆ ಯಾರೂ ಹಾಗೆ ಮಾಡಬಾರದು ಎಂದೂ ಹೇಳಬೇಕು. ಆ ಬ್ಯಾಟರಿ ಗಾಳಿಯಾಡದ ಪೆಟ್ಟಿಗೆಯಲ್ಲಿತ್ತು. ಚಾರ್ಜ್ ಆಗುವಾಗ ಇಂಥ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇಕಡಾ 4ರಷ್ಟು ಸೇರಿದರೆ ಒಂದು ಕಿಡಿ ಸಾಕು.

ಕೆಲಸ ಮಾಡಿದವರಿಗೆ ಮರುದಿನ ಫೋನ್ ಮಾಡಿದಾಗ ಇಲಿ ಕಡಿದಿರಬೇಕು ಎಂದರು. ಅಂಚಿಗೆ ಕೊಯ್ದ ಗುರುತು ವೈರಿನ ಮೇಲೆ ಸ್ಪಷ್ಟವಾಗಿತ್ತು, ಫೋಟೊ ಕಳಿಸಿದೆ, ಉತ್ತರ ಬರಲಿಲ್ಲ. ನನ್ನ ಬಳಿ ಬಿಲ್ ಇರಲಿಲ್ಲ, ಯಾವ ವೈರು ಎಲ್ಲಿ ಹೋಗಿದೆ ಎಂಬ ನಕ್ಷೆ ಇರಲಿಲ್ಲ, ಅವರಿಗೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಇದೆಯೇ ಎಂದು ನಾನು ಕೇಳಿಯೂ ಇರಲಿಲ್ಲ.

ಎರಡನೆಯ ಸಲ ಕೆಲಸವನ್ನು ಇಬ್ಬರಿಗೆ ಹಂಚಿದೆ. 230 ವೋಲ್ಟಿನ ಭಾಗವನ್ನು ಪರ್ಮಿಟ್ ಇರುವ ವೈರ್‌ಮನ್ ಮಾಡಿದರು. ಇನ್ವರ್ಟರ್, ಚಾರ್ಜರುಗಳನ್ನೆಲ್ಲ ಬಿಡಿಸಿಟ್ಟು ತಂತಿಯ ಸಿಪ್ಪೆ ಎಲ್ಲಾದರೂ ಸೋರುತ್ತಿದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದು ಒಂದೊಂದು ತಂತಿಯನ್ನೂ ಪರೀಕ್ಷಿಸಿದರು. 12 ವೋಲ್ಟಿನ ಭಾಗವನ್ನು ಹಾಸನದಲ್ಲಿ ಬಸ್ಸು, ಆಂಬುಲೆನ್ಸುಗಳಿಗೆ ಕೆಲಸ ಮಾಡುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮಾಡಿದರು. ಹಿಂದಿನವರ ಇನ್ನೊಂದು ತಪ್ಪು ಅವರ ಕಣ್ಣಿಗೆ ಬಿದ್ದದ್ದು ಕಾರಿಗೆ ಜೋಡಿಸುವ ಏಳು ಪಿನ್ನಿನ ಪ್ಲಗ್ಗಿನಲ್ಲಿ: ಅದರಲ್ಲಿ ಅರ್ಥ್ ಬಿಳಿ ತಂತಿ, ಕಪ್ಪು ತಂತಿ ಎಡಗಡೆಯ ಹಿಂದೀಪದ್ದು. ಮನೆಯ ವೈರಿಂಗಿನಲ್ಲಿ ಕಪ್ಪು ನ್ಯೂಟ್ರಲ್ ಆಗಿರುವ ಅಭ್ಯಾಸದಿಂದ ಇಲ್ಲಿಯೂ ಕಪ್ಪನ್ನೇ ಅರ್ಥ್ ಎಂದು ತಿಳಿದು ಕಟ್ಟಿದ್ದರಿಂದ ಬಲಕ್ಕೆ ಸಿಗ್ನಲ್ ಹಾಕಿದರೆ ಹಿಂದಿನ ದೀಪಗಳೆಲ್ಲ ಮಂಕಾಗಿ ಮಿನುಗುತ್ತಿದ್ದವು.

ಹಾಸನದ ಆಟೋ ಎಲೆಕ್ಟ್ರಿಷಿಯನ್ ಇನ್ವರ್ಟರನ್ನು ಬ್ಯಾಟರಿಯ ಹತ್ತಿರಕ್ಕೆ ತಂದು, ನಡುವೆ 35 ಚದರ ಮಿಲಿಮೀಟರಿನ ಕೇಬಲನ್ನು ಒಂದೇ ಮೀಟರಿನಲ್ಲಿ ಮುಗಿಸಿದರು. ಪಾಸಿಟಿವ್ ಕಂಬದಿಂದ ಒಂದು ಗೇಣು ದೂರದಲ್ಲಿ 125 ಆಂಪಿಯರಿನ ಫ್ಯೂಸ್, ಅದರ ಮುಂದೆ ಕೈಯಿಂದ ತಿರುಗಿಸುವ ಬ್ಯಾಟರಿ ಸ್ವಿಚ್. ದೀಪದ 1.5 ಚದರ ಮಿಲಿಮೀಟರ್ ತಂತಿಗೆ 5 ಆಂಪಿಯರ್, ನೀರಿನ ಪಂಪಿನ 2.5ಕ್ಕೆ 10 ಆಂಪಿಯರ್, ಹೀಗೆ ಪ್ರತಿ ಕವಲಿಗೂ ಆ ವೈರು ತಡೆಯುವಷ್ಟರೊಳಗಿನ ಫ್ಯೂಸ್. ಕೇಬಲಿನ ತುದಿಗೆ ಹಾಕುವ ಲೋಹದ ಲಗ್ಗುಗಳನ್ನು ಸುತ್ತಿಗೆಯಿಂದ ಬಡಿಯದೆ ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿದರು. ಪ್ರತಿ ತೂತಿಗೂ ಗ್ರಾಮೆಟ್ ಕೂಡಿಸಿದರು. ಬ್ಯಾಟರಿ ಪೆಟ್ಟಿಗೆಯಿಂದ ಹೊರಗೆ ಗಾಳಿಯ ಕೊಳವೆ ಬಿಟ್ಟರು. ಬಾಗಿಲಿನ ಪಕ್ಕದಲ್ಲಿ ಒಣ ಪುಡಿಯ ಅಗ್ನಿಶಾಮಕವನ್ನು ನಾನೇ ತಂದು ನೇತುಹಾಕಿದೆ.

ಹಿಂದಿನವರು ಇದೇ ವರ್ಷ ಇನ್ನೂ ಮೂರು ವಾಹನಗಳಿಗೆ ಇದೇ ಬಗೆಯ ವೈರಿಂಗ್ ಮಾಡಿದ್ದಾಗಿ ನನ್ನೊಡನೆ ಹೆಮ್ಮೆಯಿಂದ ಹೇಳಿದ್ದರು. ಇಬ್ಬರು ಮಾಲೀಕರನ್ನು ಹುಡುಕಿ ಮಾತನಾಡಿದೆ; ಇಬ್ಬರ ವಾಹನದಲ್ಲಿಯೂ ಬ್ಯಾಟರಿಯ ಪಕ್ಕ ಫ್ಯೂಸ್ ಇರಲಿಲ್ಲ. ಮೂರನೆಯದು ಸಕಲೇಶಪುರದ ಕಡೆಯ ಒಂದು ಬಿಳಿ ವ್ಯಾನ್ ಎಂಬುದಷ್ಟೇ ಗೊತ್ತು, ಮಾಲೀಕರು ಯಾರೆಂದು ಇನ್ನೂ ಪತ್ತೆಯಾಗಿಲ್ಲ. ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ, ಅಥವಾ ಅವರು ನಿಮಗೆ ಪರಿಚಯವಿದ್ದರೆ, ದಯವಿಟ್ಟು ನಾಳೆಯವರೆಗೆ ಕಾಯಬೇಡಿ. ಎಲ್ಲ ಉಪಕರಣಗಳನ್ನೂ ಆರಿಸಿ, ಸೀಟು ಎತ್ತಿ, ಮೊದಲು ನೆಗೆಟಿವ್ ಕಂಬದ ನಟ್ಟು ಸಡಿಲಿಸಿ ವೈರು ತೆಗೆಯಿರಿ, ಆಮೇಲೆ ಪಾಸಿಟಿವ್. ಫ್ಯೂಸ್ ಕೂಡಿಸುವವರೆಗೆ ಅದನ್ನು ಮತ್ತೆ ಜೋಡಿಸಬೇಡಿ, ಅದರಲ್ಲಿ ಯಾರನ್ನೂ ಮಲಗಿಸಬೇಡಿ.