ಕಂತಿನಲ್ಲಿ ಆಟಗಾರನನ್ನು ಕೊಳ್ಳುವ ಕ್ಲಬ್‌ಗೆ ಫಾರ್ವರ್ಡ್ ಕಾಂಟ್ರಾಕ್ಟ್: ಸೇವೆಯ ವಿಮರ್ಶೆ

2016ರ ಜೂನ್ 23ರಂದು ಬ್ರಿಟನ್ನಿನ ಜನ ಬ್ರೆಕ್ಸಿಟ್ ಮತಗಟ್ಟೆಗೆ ಹೋದಾಗ ಒಂದು ಪೌಂಡ್‌ಗೆ ಸುಮಾರು 1.30 ಯೂರೋ ಸಿಗುತ್ತಿತ್ತು. ಆಗಸ್ಟ್‌ನಲ್ಲಿ ಫುಟ್ಬಾಲ್ ಆಟಗಾರ ಪೌಲ್ ಪೋಗ್ಬಾ ಇಟಲಿಯ ಯುವೆಂಟಸ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 10.5 ಕೋಟಿ ಯೂರೋಗೆ ಬಂದಾಗ ಅದೇ ಪೌಂಡ್‌ಗೆ 1.18ರ ಆಸುಪಾಸು. ಪತ್ರಿಕೆಗಳಲ್ಲಿ ಬಂದ 8.9 ಕೋಟಿ ಪೌಂಡ್ ಎಂಬ ಅಂಕಿ ಹುಟ್ಟಿದ್ದು ಈ ದರದಿಂದ. ಜೂನ್ ದರದಲ್ಲಿ ಲೆಕ್ಕ ಹಾಕಿದರೆ ಅದು 8.1 ಕೋಟಿ ಪೌಂಡ್ ಆಗುತ್ತಿತ್ತು. ಯೂರೋ ಲೆಕ್ಕದಲ್ಲಿ ಬಿಡಿಗಾಸೂ ಹೆಚ್ಚಾಗದೆ ಪೌಂಡ್ ಲೆಕ್ಕದಲ್ಲಿ 80 ಲಕ್ಷದ ವ್ಯತ್ಯಾಸ. ಮಾತುಕತೆಯ ಮೇಜಿನಲ್ಲಿ ಎರಡು ವಾರ ಜಗ್ಗಾಡಿದರೂ ಅಷ್ಟು ಇಳಿಸುವುದು ಕಷ್ಟ.

ಈ ಅಪಾಯಕ್ಕೆ ಮದ್ದು ಎಂದು ಬ್ಯಾಂಕುಗಳ ಟ್ರೆಷರಿ ವಿಭಾಗಗಳೂ ಕರೆನ್ಸಿ ಬ್ರೋಕರ್‌ಗಳೂ ಕ್ಲಬ್‌ಗಳಿಗೆ ಮಾರುವ ಸೇವೆಯೇ ಫಾರ್ವರ್ಡ್ ಕಾಂಟ್ರಾಕ್ಟ್. ಮುಂದಿನ ಒಂದು ದಿನಾಂಕಕ್ಕೆ ಇಷ್ಟು ಯೂರೋವನ್ನು ಇಂಥ ದರಕ್ಕೆ ಕೊಳ್ಳುತ್ತೇವೆ ಎಂದು ಇವತ್ತೇ ಬರೆದುಕೊಡುವುದು. ಸಹಿ ಬಿದ್ದು ಮೊತ್ತವೂ ದಿನಾಂಕವೂ ಗಟ್ಟಿಯಾದ ಕಂತುಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ತೊಂದರೆ ಇರುವುದು, ಅದನ್ನು ಗಟ್ಟಿಯಾಗದ ವ್ಯವಹಾರಕ್ಕೂ ಮಾರುವಲ್ಲಿ.

ಒಂದು ಉದಾಹರಣೆ. ಇಂಗ್ಲೆಂಡಿನ ಕ್ಲಬ್ಬೊಂದು 6 ಕೋಟಿ ಯೂರೋಗೆ ಆಟಗಾರನನ್ನು ಕೊಳ್ಳುತ್ತದೆ. ಸಹಿ ಹಾಕಿದಾಗ 2 ಕೋಟಿ, ಒಂದು ವರ್ಷಕ್ಕೆ 2 ಕೋಟಿ, ಎರಡು ವರ್ಷಕ್ಕೆ 2 ಕೋಟಿ. ಇವತ್ತಿನ ದರ ಒಂದು ಯೂರೋಗೆ 0.86 ಪೌಂಡ್, ಪೌಂಡ್ ಬಡ್ಡಿ ಶೇ 4, ಯೂರೋ ಬಡ್ಡಿ ಶೇ 2 ಎಂದಿಟ್ಟುಕೊಳ್ಳಿ. ಒಂದು ವರ್ಷದ ಫಾರ್ವರ್ಡ್ ದರ 0.86ನ್ನು 1.04ರಿಂದ ಗುಣಿಸಿ 1.02ರಿಂದ ಭಾಗಿಸಿದರೆ ಬರುವ 0.877. ಎರಡು ವರ್ಷಕ್ಕೆ 0.894. ಮೂರು ಕಂತಿಗೆ ಕ್ರಮವಾಗಿ 1.72 ಕೋಟಿ, 1.754 ಕೋಟಿ, 1.788 ಕೋಟಿ ಪೌಂಡ್, ಒಟ್ಟು 5.26 ಕೋಟಿ. ಎಲ್ಲವನ್ನೂ 0.86ರಲ್ಲೇ ಲೆಕ್ಕ ಹಾಕಿದ್ದರೆ 5.16 ಕೋಟಿ.

ಈ ಹತ್ತು ಲಕ್ಷ ಪೌಂಡ್ ಅಂತರ ನೋಡಿ ಆಡಳಿತ ಮಂಡಳಿಯಲ್ಲಿ ಯಾರಾದರೂ "ಬ್ಯಾಂಕ್ ನಮ್ಮನ್ನು ಸುಲಿಯುತ್ತಿದೆ" ಎನ್ನುವುದು ಖಾತ್ರಿ. ಅದು ತಪ್ಪು ತಿಳಿವಳಿಕೆ. ಈ ಅಂತರ ಎರಡು ಬಡ್ಡಿದರಗಳ ವ್ಯತ್ಯಾಸವಷ್ಟೆ. ಕಂತಿನ ಹಣ ಕೈಯಲ್ಲಿದ್ದರೆ ಅದನ್ನು ಪೌಂಡ್ ಠೇವಣಿಯಲ್ಲಿಟ್ಟು ಆ ಬಡ್ಡಿಯನ್ನು ಬಹುಮಟ್ಟಿಗೆ ವಾಪಸು ಪಡೆಯಬಹುದು. ಹಣ ಕೈಯಲ್ಲಿಲ್ಲದ ಕ್ಲಬ್‌ಗೆ ಮಾತ್ರ ಇದು ನಿಜವಾದ ಖರ್ಚು. ಆದ್ದರಿಂದ ಮಾತುಕತೆಯಲ್ಲಿ "ಕಂತು ಹೆಚ್ಚು ಮಾಡಿ, ಅವಧಿ ಉದ್ದ ಮಾಡಿ" ಎಂದು ಕೇಳುವ ಮೊದಲೇ ಆಯಾ ಕಂತಿನ ದಿನಾಂಕಕ್ಕೆ ಫಾರ್ವರ್ಡ್ ದರ ತರಿಸಿಟ್ಟುಕೊಳ್ಳಬೇಕು. ಫಾರ್ವರ್ಡ್ ಮಾಡಿ ದರ ಕಟ್ಟಿಕೊಳ್ಳದೆ ಬಿಟ್ಟು ಎರಡನೇ ಕಂತಿನ ಹೊತ್ತಿಗೆ ಯೂರೋ 0.95ಕ್ಕೆ ಏರಿದರೆ, ಆ ಒಂದು ಕಂತಿಗೇ 14.6 ಲಕ್ಷ ಪೌಂಡ್ ಹೆಚ್ಚು ತೆರಬೇಕು. ಆಮೇಲೆ ದರ ಕಟ್ಟಿಕೊಳ್ಳಲು ಓಡುವುದು ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಬ್ಯಾಂಕಿನ ನಿಜವಾದ ಲಾಭ ಅಡಗಿರುವುದು ಬೇರೆ ಕಡೆ. ಫೋನಿನಲ್ಲಿ ಡೀಲರ್ ಒಂದೇ ಅಂಕಿ ಹೇಳುತ್ತಾನೆ: "0.8790." ಅದರೊಳಗೆ ಮೂರು ಭಾಗಗಳಿವೆ: ಆ ಕ್ಷಣದ ಮಾರುಕಟ್ಟೆ ಮಧ್ಯದರ (ಕೊಳ್ಳುವ, ಮಾರುವ ದರಗಳ ನಡುವಿನದು), ಬಡ್ಡಿ ವ್ಯತ್ಯಾಸದ ಫಾರ್ವರ್ಡ್ ಪಾಯಿಂಟ್, ಮತ್ತು ಬ್ಯಾಂಕಿನ ಮಾರ್ಜಿನ್. ಮೂರನ್ನೂ ಬಿಡಿಸಿ ಹೇಳಲು ಕೇಳಿ. 2 ಕೋಟಿ ಯೂರೋ ಮೇಲೆ ಶೇ 0.1 ಮಾರ್ಜಿನ್ ಎಂದರೆ 20 ಸಾವಿರ ಯೂರೋ, ಶೇ 0.5 ಎಂದರೆ ಒಂದು ಲಕ್ಷ. ಒಂದೇ ನಿಮಿಷದಲ್ಲಿ ಇಬ್ಬರಿಂದ ದರ ತರಿಸಿಕೊಳ್ಳಿ, ಇಬ್ಬರಿಗೂ ಅದೇ ಮೊತ್ತ, ಅದೇ ದಿನಾಂಕ ಕೊಡಿ. ಬೆಳಿಗ್ಗೆಯ ದರವನ್ನು ಮಧ್ಯಾಹ್ನದ ದರದ ಜೊತೆ ಹೋಲಿಸಿದರೆ ಮಾರ್ಜಿನ್ ಎಷ್ಟೆಂದು ತಿಳಿಯುವುದೇ ಇಲ್ಲ. ಬಿಡಿಸಿ ಹೇಳಲು ಒಪ್ಪದವರ ಬಳಿ ವ್ಯವಹಾರ ಬೇಡ.

ಬ್ರೋಕರ್‌ಗಳ ದರ ಕೆಲವೊಮ್ಮೆ ಬ್ಯಾಂಕಿಗಿಂತ ಚೆನ್ನಾಗಿರುತ್ತದೆ. ಆದರೆ ಕರಾರಿನ ಠೇವಣಿ ಪುಟವನ್ನು ಓದದೆ ಒಪ್ಪಬೇಡಿ. 0.877ಕ್ಕೆ 2 ಕೋಟಿ ಯೂರೋ ಕೊಳ್ಳಲು ಒಪ್ಪಿದ ಮೇಲೆ ಯೂರೋ 0.80ಕ್ಕೆ ಇಳಿಯಿತು ಎನ್ನಿ. ಕರಾರಿನ ಮೌಲ್ಯ ಆ ದಿನ ಕ್ಲಬ್ಬಿನ ಪಾಲಿಗೆ 15.4 ಲಕ್ಷ ಪೌಂಡ್ ನಷ್ಟದಲ್ಲಿರುತ್ತದೆ. ಆಟಗಾರನ ಬೆಲೆ ಮೊದಲು ಲೆಕ್ಕ ಹಾಕಿದಷ್ಟೇ ಇದೆ, ಬಜೆಟ್ ಕೆಟ್ಟಿಲ್ಲ. ಆದರೂ ಬ್ರೋಕರ್ ಆ ಅಂತರಕ್ಕೆ ನಗದು ಭದ್ರತೆ ಕೇಳಬಹುದು. ಸೀಸನ್ ಟಿಕೆಟ್ ಹಣ ಬೇಸಿಗೆಯಲ್ಲೇ ಬಂದು ಖರ್ಚಾಗಿ, ಚಳಿಗಾಲದಲ್ಲಿ ಖಜಾನೆ ಬರಿದಾಗಿರುವ ಕ್ಲಬ್‌ಗೆ ಇಂಥ ಕರೆ ಬಂದರೆ ಸಂಬಳಕ್ಕೇ ಕತ್ತರಿ. ಬ್ಯಾಂಕಾದರೆ ಸಾಮಾನ್ಯವಾಗಿ ಇದನ್ನು ಸಾಲದ ಮಿತಿಯೊಳಗೆ ಸೇರಿಸಿಕೊಳ್ಳುತ್ತದೆ. ಅದಕ್ಕೇ ಸಣ್ಣ ಕ್ಲಬ್‌ಗಳಿಗೆ ನನ್ನ ಸಲಹೆ ಸ್ಪಷ್ಟ: ದರ ತುಸು ಹೆಚ್ಚಾದರೂ ನಗದು ಭದ್ರತೆ ಕೇಳದ ಬ್ಯಾಂಕ್ ಕರಾರೇ ಮೇಲು.

ಇನ್ನು ಸಹಿಗೆ ಮುಂಚಿನ ದಿನಗಳು. ಎರಡು ಕ್ಲಬ್ ಬೆಲೆಗೆ ಒಪ್ಪಿವೆ, ವೈದ್ಯಕೀಯ ಪರೀಕ್ಷೆ ಆಗಿಲ್ಲ, ಆಟಗಾರನ ಸಂಬಳದ ಮಾತು ಮುಗಿದಿಲ್ಲ, ಕೆಲಸದ ಪರವಾನಗಿ ಬಂದಿಲ್ಲ. ಈ ಹಂತದಲ್ಲಿ ಫಾರ್ವರ್ಡ್ ಬುಕ್ ಮಾಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಮಂಡಿಯ ಸ್ಕ್ಯಾನ್ ನೋಡಿ ವೈದ್ಯರು ಬೇಡ ಎಂದರೆ ಆಟಗಾರ ಬರುವುದಿಲ್ಲ, ಯೂರೋ ಕೊಳ್ಳುವ ಕರಾರು ಮಾತ್ರ ಹಾಗೇ ನಿಂತಿರುತ್ತದೆ. ಅದನ್ನು ಆ ದಿನದ ದರದಲ್ಲಿ ಮುರಿದು ನಷ್ಟ ಬಂದರೆ ತುಂಬಿಕೊಡಬೇಕು. ಇಲ್ಲಿ ಬೇಕಾದದ್ದು ಆಪ್ಷನ್: ಪ್ರೀಮಿಯಂ ಕಟ್ಟಿ ಕೊಳ್ಳುವ ಹಕ್ಕನ್ನು ಮಾತ್ರ ಪಡೆಯುವುದು. ಎರಡು ಮೂರು ವಾರದ ಆಪ್ಷನ್‌ಗೆ ಪ್ರೀಮಿಯಂ ಹೆಚ್ಚೇನಿಲ್ಲ, ವ್ಯವಹಾರ ಮುರಿದರೆ ಕಳೆದುಕೊಳ್ಳುವುದು ಅಷ್ಟನ್ನೇ. ವ್ಯವಹಾರ ಕುದುರದಿದ್ದರೆ ತಾನಾಗಿ ರದ್ದಾಗುವ ಷರತ್ತಿನ ಫಾರ್ವರ್ಡ್ ಕೂಡ ಉಂಟು. ಕಂಪನಿ ಸ್ವಾಧೀನಕ್ಕೆಂದು ರೂಪಿಸಿದ್ದು, ದುಬಾರಿ. ಒಬ್ಬ ಆಟಗಾರನಿಗೆ ಅದನ್ನು ಶಿಫಾರಸು ಮಾಡಲಾರೆ.

ಬುಕ್ ಮಾಡುವ ಮೊತ್ತದಲ್ಲೇ ಎಡವುವವರೂ ಇದ್ದಾರೆ. ಫಿಫಾ ನಿಯಮದಂತೆ ಅಂತರರಾಷ್ಟ್ರೀಯ ವರ್ಗಾವಣೆ ಶುಲ್ಕದ ಶೇ 5 ಸಾಲಿಡಾರಿಟಿ ಪಾಲು, ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಸೇರಬೇಕು: 12ರಿಂದ 15ರ ವರೆಗೆ ವರ್ಷಕ್ಕೆ ಶೇ 0.25, ಆಮೇಲೆ ವರ್ಷಕ್ಕೆ ಶೇ 0.5. ಒಪ್ಪಂದದ ಮೊತ್ತದಲ್ಲಿ ಈ ಪಾಲು ಸೇರಿದ್ದರೆ 2 ಕೋಟಿಯ ಕಂತಿನಲ್ಲಿ ಮಾರಿದ ಕ್ಲಬ್‌ಗೆ ಹೋಗುವುದು 1.9 ಕೋಟಿ; ಉಳಿದ 10 ಲಕ್ಷ ಯೂರೋ, 2022ರ ನವೆಂಬರ್‌ನಿಂದ ಕೆಲಸ ಮಾಡುತ್ತಿರುವ ಪ್ಯಾರಿಸ್‌ನ ಫಿಫಾ ಕ್ಲಿಯರಿಂಗ್ ಹೌಸ್ ಮೂಲಕ, ಆಟಗಾರನ ಪಾಸ್‌ಪೋರ್ಟ್ ದಾಖಲೆಯ (ಯಾವ ವಯಸ್ಸಿನಲ್ಲಿ ಯಾವ ಕ್ಲಬ್ಬಿನಲ್ಲಿದ್ದ ಎಂಬ ಪಟ್ಟಿ) ಪರಿಶೀಲನೆ ಮುಗಿದ ಮೇಲೆ ಹೋಗುತ್ತದೆ. ಎರಡಕ್ಕೂ ಒಂದೇ ದಿನಾಂಕ ಹಾಕಿದರೆ ಆ 10 ಲಕ್ಷ ಯೂರೋ ಖಾತೆಯಲ್ಲಿ ಸುಮ್ಮನೆ ಕೂರುತ್ತದೆ, ಇಲ್ಲವೇ ಕರಾರನ್ನು ಮುಂದೂಡಲು ಮತ್ತೆ ಮಾರ್ಜಿನ್ ತೆರಬೇಕಾಗುತ್ತದೆ. 1.9 ಕೋಟಿಗೆ ನಿಗದಿತ ದಿನಾಂಕದ ಫಾರ್ವರ್ಡ್, 10 ಲಕ್ಷಕ್ಕೆ ಒಂದೆರಡು ತಿಂಗಳೊಳಗೆ ಯಾವಾಗ ಬೇಕಾದರೂ ಹಣ ಎಳೆಯಬಹುದಾದ ವಿಂಡೋ ಫಾರ್ವರ್ಡ್: ಹೀಗೆ ಒಡೆದು ಬುಕ್ ಮಾಡಿ. ಒಪ್ಪಂದದ ಮೊತ್ತ ಈ ಪಾಲನ್ನು ಬಿಟ್ಟೇ ಬರೆದಿದ್ದರೆ ಅಷ್ಟು ಯೂರೋ ಹೆಚ್ಚುವರಿ ಕೊಳ್ಳಬೇಕು.

ಬೋನಸ್ ಕಂತುಗಳಿಗೆ ಫಾರ್ವರ್ಡ್ ಬೇಡವೇ ಬೇಡ. "ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆದರೆ 50 ಲಕ್ಷ ಯೂರೋ" ಎಂಬ ಷರತ್ತು ಇದ್ದರೆ, ಅರ್ಹತೆ ಪಡೆದಾಗ ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ ಕೊಡುವ ಹಣವೂ ಯೂರೋದಲ್ಲೇ ಬರುತ್ತದೆ. ಸಾಲ ಹುಟ್ಟುವ ದಿನವೇ ಆದಾಯವೂ ಹುಟ್ಟುತ್ತದೆ. ಎರಡಕ್ಕೂ ನಡುವೆ ಪೌಂಡ್ ಬರುವ ಅಗತ್ಯವೇ ಇಲ್ಲ. ಯೂರೋ ದೇಶದ ಕ್ಲಬ್‌ಗೆ ಆಟಗಾರನನ್ನು ಮಾರಿ ಬರಬೇಕಾದ ಕಂತುಗಳಿದ್ದರೂ ಇದೇ ದಾರಿ. ಬರುವ ಯೂರೋ, ಹೋಗುವ ಯೂರೋ ಒಂದೇ ಹಾಳೆಯಲ್ಲಿ ತಿಂಗಳುವಾರು ಬರೆದು, ಉಳಿದ ಕೊರತೆಗಷ್ಟೇ ಫಾರ್ವರ್ಡ್ ಕೊಳ್ಳಿ. ಡೀಲರ್ ಈ ಹಾಳೆಯನ್ನು ಎಂದೂ ಕೇಳುವುದಿಲ್ಲ.

ಲೆಕ್ಕಪತ್ರದಲ್ಲೂ ಒಂದು ಮಾತು. ಶುಲ್ಕವನ್ನು ಒಪ್ಪಂದದ ವರ್ಷಗಳಿಗೆ ಹಂಚಬಹುದು. ಯುಇಎಫ್‌ಎ ಈಗ ಗರಿಷ್ಠ ಐದು ವರ್ಷ ಕೊಡುತ್ತದೆ. ಆದರೆ ಕೊಡಬೇಕಾದ ಕಂತಿನ ಮೇಲಿನ ವಿನಿಮಯ ನಷ್ಟ ಹಾಗೆ ಹಂಚಿಹೋಗುವುದಿಲ್ಲ, ಆ ವರ್ಷದ ಲಾಭ ನಷ್ಟದ ಪಟ್ಟಿಗೇ ಬೀಳುತ್ತದೆ.

ಕೊನೆಗೆ ಪಾವತಿಯ ದಿನ. ಮಾಮೂಲಿ ಸ್ಪಾಟ್ ಖರೀದಿಯ, ಅಂದರೆ ಆ ಹೊತ್ತಿನ ದರದ ಖರೀದಿಯ, ಹಣ ಕೈಗೆ ಬರುವುದು ಎರಡು ಕೆಲಸದ ದಿನಗಳ ನಂತರ. ಬಿಡುಗಡೆ ಮೊತ್ತವನ್ನು (ಕಟ್ಟಿದರೆ ಆಟಗಾರನನ್ನು ಬಿಟ್ಟುಕೊಡಲೇಬೇಕು ಎಂದು ಅವನ ಕರಾರಿನಲ್ಲೇ ಬರೆದ ಬೆಲೆ) ಒಮ್ಮೆಗೇ ಕಟ್ಟಬೇಕಾದಲ್ಲಿ ಶುಕ್ರವಾರ ಸಂಜೆ ಯೂರೋ ಕೊಂಡರೆ ಮಂಗಳವಾರದವರೆಗೆ ಕಾಯಬೇಕು. ಅದೇ ದಿನದ ಪಾವತಿ ಬೇಕಿದ್ದರೆ ಬ್ಯಾಂಕಿನ ಕಟ್-ಆಫ್ ಗಂಟೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬ್ಯಾಂಕುಗಳ ನಡುವೆ ಹೋಗುವ ಸ್ವಿಫ್ಟ್ ಪಾವತಿ ಸೂಚನೆಯಲ್ಲಿ ಶುಲ್ಕದ ಆಯ್ಕೆ "ಅವರ್" (OUR) ಎಂದಿರಲಿ, ಅಂದರೆ ಎಲ್ಲ ಬ್ಯಾಂಕ್ ಶುಲ್ಕ ಕಳಿಸುವವರದ್ದು. "ಶೇರ್" ಎಂದು ಬಿಟ್ಟರೆ ಮಧ್ಯದ ಬ್ಯಾಂಕ್ ತನ್ನ ಶುಲ್ಕ ಮುರಿದುಕೊಂಡು, ಮಾರಿದ ಕ್ಲಬ್‌ಗೆ 1.9 ಕೋಟಿಗೆ ಕೆಲವು ಯೂರೋ ಕಡಿಮೆ ಸೇರುತ್ತದೆ. ಫಿಫಾ ನಿಯಮದಲ್ಲಿ ಬಾಕಿ 30 ದಿನ ಮೀರಿ, ಲಿಖಿತ ನೋಟಿಸ್ ಕೊಟ್ಟು 10 ದಿನವಾದರೂ ಕಾದ ಮೇಲೆ ದೂರು ಹೂಡಬಹುದು. ಕೋಟಿಗಟ್ಟಲೆ ಯೂರೋ ಸರಿಯಾಗಿ ಕಳಿಸಿ, ಇಂಥ ಚಿಲ್ಲರೆಗೆ ನೋಟಿಸ್ ತರಿಸಿಕೊಳ್ಳದಿರಲು ಆ ಒಂದು ಕಾಲಂ ಸರಿಯಾಗಿ ತುಂಬಿದರೆ ಸಾಕು.